ರಾಕೆಟ್ಟಿಲ್ಲದ ಬೈಕೊನೂರಿನ ಅಂಚೆಯಮ್ಮ

ಯಾರಾದರೂ ರಾಕೆಟ್ಟಿನ ಮಾತೆತ್ತಿದರೆ ಸಾಕು, ಕಮ್ಶಾತಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಮೆರಿಕದವರ ರಾಕೆಟ್ಟು, ನಮ್ಮವರ ರಾಕೆಟ್ಟು ಎಂಬ ಭೇದ ಅವಳಿಗಿರಲಿಲ್ಲ. ಎರಡೂ ಒಂದೇ ಸಲ ಚಂದ್ರನ ಮೇಲೆ ಹೋಗಿ ಅಲ್ಲೇ ಬಿದ್ದುಕೊಂಡಿದ್ದರೆ ಆವತ್ತು ಅವಳು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದಳು.

ನಮ್ಮೂರು ಬೈಕೊನೂರಿನ ಪೋಸ್ಟ್ ಮಾಸ್ಟರ್ ಅವಳು. ಊರೆಂದರೆ ಎಷ್ಟು ದೊಡ್ಡದು? ಒಂದು ಕಲ್ಲಿದ್ದಲು ಗಣಿ, ಎರಡು ಸಾಲು ಮಣ್ಣಿಟ್ಟಿಗೆಯ ಮನೆ, ಒಂದು ಸ್ನಾನಗೃಹ, ಒಲೆ ಹೊಗೆಯಾಡುವ ಒಂದು ಶಾಲೆ, ಕಲ್ಲಿದ್ದಲು ಹೊತ್ತು ತೆವಳುವ ಪುಟ್ಟ ರೈಲು. ಅದರಾಚೆ ಎತ್ತ ನೋಡಿದರೂ ಹುಲ್ಲುಬಯಲು. ಅಂಚೆ ಕಚೇರಿಗೆ ಒಂದೇ ಕೋಣೆ, ಹಿಂದೊಂದು ಉಗ್ರಾಣ. ಕಮ್ಶಾತ್ ಅಲ್ಲಿಗೆ ಸೇರಿದ್ದು ಯುದ್ಧದ ಎರಡನೆಯ ಚಳಿಗಾಲದಲ್ಲಿ, ಗಂಡಸರೆಲ್ಲ ರಣರಂಗಕ್ಕೆ ಹೋಗಿ ಕಾಗದ ಹಂಚುವುದಕ್ಕೂ ಜನವಿಲ್ಲದಾಗ. ಆಗ ಅವಳಿಗೆ ಇಪ್ಪತ್ನಾಲ್ಕು. ಗಂಡ ಸೇಯಿತ್ ಕೂಡ ಹೋಗಿದ್ದ.

ಆ ಕಾಲದಲ್ಲಿ ಕಾಗದ ಹಂಚುವುದೆಂದರೆ ಬರೀ ಬಾಗಿಲು ತಟ್ಟಿ ಕೊಟ್ಟುಬರುವ ಕೆಲಸವಲ್ಲ. ಸತ್ತ ಸುದ್ದಿಯ ಕಾಗದಕ್ಕೆ ನಮ್ಮಲ್ಲಿ ಕರಿ ಕಾಗದ ಎನ್ನುತ್ತಾರೆ. ಅದನ್ನು ನೇರವಾಗಿ ಹೆಂಡತಿಯ ಕೈಗೋ ತಾಯಿಯ ಕೈಗೋ ಕೊಡುವಂತಿಲ್ಲ. ಮೊದಲು ಊರ ಹಿರಿಯರಿಗೆ ತಿಳಿಸಬೇಕು, ಅವರು ನಾಲ್ಕೈದು ಜನ ಕೂಡಿಕೊಂಡು ಆ ಮನೆಗೆ ಹೋಗಿ, ಕುರಿ ಕುದುರೆಯ ಮಾತಾಡಿ, ಮೆಲ್ಲಗೆ ಹೇಳಬೇಕು. ಒಳ್ಳೆಯ ಸುದ್ದಿಯಾದರೆ ಅಂಚೆಯವಳೇ ದೂರದಿಂದ "ಸುಯಿನ್ಶಿ!" ಎಂದು ಕೂಗುತ್ತ ಓಡಬಹುದು, ಸುದ್ದಿ ತಂದದ್ದಕ್ಕೆ ಉಡುಗೊರೆ ಕೇಳಿ ಇಸಿದುಕೊಳ್ಳಬಹುದು. ಕಮ್ಶಾತ್ ನಲವತ್ತೊಂದು ಕರಿ ಕಾಗದಗಳನ್ನು ಹಿರಿಯರ ಕೈಗೆ ಒಪ್ಪಿಸಿದಳು. ಸುಯಿನ್ಶಿಗೆ ಕೈವಸ್ತ್ರ, ಬೆಣ್ಣೆ, ಒಮ್ಮೆ ಒಂದು ಕುರಿಮರಿ ಗಿಟ್ಟಿಸಿದಳು. ಸೇಯಿತನ ಬಗ್ಗೆ ಮಾತ್ರ ಕರಿದೂ ಬರಲಿಲ್ಲ, ಬಿಳಿದೂ ಬರಲಿಲ್ಲ. ಪ್ರತಿ ಚೀಲ ಬಿಚ್ಚುವಾಗಲೂ ಎದೆ ಹೊಡೆದುಕೊಳ್ಳುವುದು ನಿಲ್ಲಲು ಹತ್ತು ವರ್ಷ ಹಿಡಿಯಿತು.

ಹಾಗಾಗಿ ಅವಳದೊಂದು ಹಟವಿತ್ತು. ಬಂದ ಕಾಗದ ಬಂದ ದಿನವೇ ಹೋಗಬೇಕು. ಅದರ ಬೆನ್ನಿನ ಮೇಲೆ ಬೈಕೊನೂರಿನ ಮೊಹರು ಬಿದ್ದ ಮೇಲೆ ಅದು ಕಚೇರಿಯಲ್ಲಿ ಒಂದು ರಾತ್ರಿಯೂ ಮಲಗಕೂಡದು. ಕಾಗದ ಹಂಚುವ ತುರ್ಸಿನ್ ಅವಳಿಗಿಂತ ಹತ್ತು ವರ್ಷ ದೊಡ್ಡವ, ಮಂಡಿ ನೋವಿನವ. "ನಾಳೆ ಕೊಟ್ರೆ ಭೂಮಿ ಬಾಯಿ ಬಿಡುತ್ತಾ ತಂಗಿ?" ಎಂದು ಗೊಣಗುತ್ತಿದ್ದ. "ಬಿಡುತ್ತೆ, ನಡಿ" ಎಂದು ಅಟ್ಟುತ್ತಿದ್ದಳು.

ಅರವತ್ತೊಂದರ ಏಪ್ರಿಲ್‌ನಲ್ಲಿ ಅದೇ ತುರ್ಸಿನ್ ಮಂಡಿ ನೋವನ್ನೂ ಮರೆತು ಓಡಿಬಂದ. "ಸುಯಿನ್ಶಿ! ಸುಯಿನ್ಶಿ ಕೊಡು ತಂಗಿ! ನಮ್ಮವನೊಬ್ಬ ಆಕಾಶಕ್ಕೆ ಹೋಗಿ ಬಂದ್ನಂತೆ! ಅಮೆರಿಕದವರು ಮುಖ ಮುಚ್ಕೊಂಡು ಕೂತಿದ್ದಾರಂತೆ!"

"ಹೋದ್ರೆ ಹೋಗ್ಲಿ. ನಿನಗ್ಯಾಕೆ ಉಡುಗೊರೆ?"

"ಹೋಗಿದ್ದು ಎಲ್ಲಿಂದ ಗೊತ್ತಾ? ಬೈಕೊನೂರಿಂದ! ರೇಡಿಯೋದಲ್ಲಿ ಹೇಳಿದ್ರು!"

ಊರಿಗೆ ಊರೇ ಬೀದಿಗೆ ಬಂತು. ಎಲ್ಲರೂ ಕತ್ತೆತ್ತಿ ನೋಡಿದ್ದೇ ನೋಡಿದ್ದು. ಒಬ್ಬ ಮುದುಕ ಸ್ನಾನಗೃಹದ ಹಿಂದೆ ಹೋಗಿ ಒಂದು ಸುತ್ತು ಹಾಕಿ ಬಂದ. ಗಣಿಯೊಳಗಿಂದ ಹಾರಿತೇನೋ ಎಂದು ಶಾಲೆಯ ಮೇಷ್ಟ್ರು ತಲೆ ಕೆರೆದುಕೊಂಡರು.

"ಇಲ್ಲಿಗೆ ನೀರಿನ ಲಾರಿನೇ ವಾರಕ್ಕೆ ಎರಡು ಸಲ ಬರೋದು," ಎಂದಳು ಕಮ್ಶಾತ್. "ರಾಕೆಟ್ ಯಾವಾಗ ಬಂತಪ್ಪ? ಅದು ನೀರು ಕುಡಿಯಲ್ವಾ?"

ನಮ್ಮ ಬಯಲಿಗೆ ಉದ್ದಕಿವಿ ಎಂದು ಹೇಳುವುದುಂಟು. ಕುರಿಗಾಹಿಯಿಂದ ಕುರಿಗಾಹಿಗೆ ದಾಟುತ್ತ ಸುದ್ದಿ ತಂತಿಗಿಂತ ಬೇಗ ಬರುತ್ತದೆ. ಒಂದೇ ವಾರದಲ್ಲಿ ಬಂತು. ಬೆಂಕಿ ಕಾರುತ್ತ ಮೇಲೇರುವುದು ಇಲ್ಲಿಂದ ಮುನ್ನೂರು ಕಿಲೋಮೀಟರು ಆಚೆ, ಸಿರ್ ನದಿಯ ದಡದ ತ್ಯುರಾತಾಮ್ ಎಂಬ ರೈಲ್ವೆ ನಿಲ್ದಾಣದ ಹತ್ತಿರ. ಅಮೆರಿಕದವರ ದಿಕ್ಕು ತಪ್ಪಲಿ ಎಂದು ದೊಡ್ಡವರು ಯಾರೋ ನಕಾಶೆ ನೋಡಿ ನಮ್ಮೂರ ಹೆಸರನ್ನು ಎತ್ತಿಕೊಂಡಿದ್ದರು. ಅಮೆರಿಕದವರ ವಿಮಾನವೊಂದು ಅದಕ್ಕೆ ನಾಲ್ಕು ವರ್ಷ ಮೊದಲೇ ಆ ಜಾಗದ ಫೋಟೋ ಹೊಡೆದುಕೊಂಡು ಹೋಗಿತ್ತು ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಂತೂ ಹೆಸರು ಹೋಯಿತು. ಬದಲಿಗೆ ಶಾಲೆಗೊಂದು ಕಿಟಕಿಗಾಜು ಕೂಡ ಬರಲಿಲ್ಲ.

ಬಂದದ್ದು ಕಾಗದಗಳು. ಮೊದಲು ಕೈಚೀಲದಷ್ಟು, ಆಮೇಲೆ ಗೋಣಿ ಗೋಣಿ. ಶಾಲೆ ಮಕ್ಕಳು ನಕ್ಷತ್ರ ಬಿಡಿಸಿ ಕಳಿಸಿದರು. ರೀಗಾದ ಒಬ್ಬಳು ತನ್ನ ಫೋಟೋ, ತೂಕ, ಅಡಿಗೆಯ ವಿವರಗಳನ್ನೆಲ್ಲ ಬರೆದು ಗಗನಯಾತ್ರಿಗಳಲ್ಲಿ ಮದುವೆಯಾಗದವರಿಗೆ ತಲುಪಿಸಲು ಕೋರಿದಳು. ನಿವೃತ್ತ ಲೆಕ್ಕಿಗನೊಬ್ಬ ಮಂಗಳ ಗ್ರಹಕ್ಕೆ ಅಡ್ಡದಾರಿ ಕಂಡುಹಿಡಿದಿದ್ದ. ಯಾರೋ ಕಳಿಸಿದ ಸೌತೆ ಉಪ್ಪಿನಕಾಯಿಯ ಜಾಡಿಗಳು ಒಡೆದು ಇಡೀ ಕಚೇರಿ ಹುಳಿ ನಾತ ಹೊಡೆಯಿತು. ಕಮ್ಶಾತ್ ನಿಯಮದ ಪ್ರಕಾರ ಒಂದೊಂದರ ಬೆನ್ನಿಗೂ ಮೊಹರು ಒತ್ತಿ, "ವಿಳಾಸದಾರರಿಲ್ಲ, ವಾಪಸ್" ಎಂದು ಬರೆದು ತಿರುಗಿ ಕಳಿಸತೊಡಗಿದಳು. ಕೈ ಬಿದ್ದುಹೋಗುವಷ್ಟು ಬರೆದಳು.

ಒಂದು ತಿಂಗಳೊಳಗೆ ಬೂದುಬಣ್ಣದ ಟೋಪಿಯವನೊಬ್ಬ ಬಂದ. ಯಾವ ಕಚೇರಿಯವನೆಂದು ಹೇಳಲಿಲ್ಲ, ಕೇಳುವ ಧೈರ್ಯವೂ ಯಾರಿಗಿರಲಿಲ್ಲ.

"ಕಾಮ್ರೇಡ್ ಕಮ್ಶಾತ್ ಝಾಕುಪೋವಾ, 'ಇಲ್ಲ' ಅಂತ ಬರೆದು ವಾಪಸ್ ಕಳಿಸೋದು ಇವತ್ತಿಗೆ ನಿಲ್ಲಬೇಕು."

"ಹಾಗಾದ್ರೆ ಇದ್ದಾರೆ ಅಂತ ಬರೀಲಾ?"

"ಅದೂ ಬರೆಯೋ ಹಾಗಿಲ್ಲ."

"ಮತ್ತೆ ಇಷ್ಟನ್ನೂ ಏನು ಮಾಡ್ಲಿ? ಉಪ್ಪು ಹಾಕಿ ಒಣಗಿಸಲಾ?"

"ಉಗ್ರಾಣದಲ್ಲಿಡಿ. ಒಂದು ಕಾಗದವೂ ಆಚೆ ಹೋಗಬಾರದು. ಯಾರಾದ್ರೂ ಬಂದು ಕೇಳಿದ್ರೆ ಇಲ್ಲಿ ರಾಕೆಟ್ ಇದೆ ಅಂತಾಗಲಿ, ಇಲ್ಲ ಅಂತಾಗಲಿ ಹೇಳಬಾರದು. ಅಮೆರಿಕದವರ ಕಿವಿ ಎಲ್ಲಾ ಕಡೆ ಇದೆ."

"ಅಮೆರಿಕದವನು ಇಲ್ಲಿಗೆ ಬಂದ್ರೆ ಮೊದಲು ಸೌದೆ ಒಡೆಸ್ತೀನಿ ನಾನು," ಎಂದಳು. ಆದರೂ ಸಹಿ ಹಾಕಿದಳು. ಹಾಕದೆ ಏನು ಮಾಡಿಯಾಳು? ಅಂದಿನಿಂದ ಉಗ್ರಾಣದಲ್ಲಿ ಗೋಣಿಗಳು ಸೂರಿನತನಕ ಏರಿದವು. ದಿನವೂ ಅವನ್ನು ನೋಡಿ ನೋಡಿ ಅವಳ ತಲೆ ಚಿಟ್ಟು ಹಿಡಿದುಹೋಯಿತು. ಆಕಾಶಕ್ಕೆ ಇನ್ನೊಬ್ಬ ಹೋದ, ಮರುವರ್ಷ ಒಟ್ಟೊಟ್ಟಿಗೆ ಇಬ್ಬರು ಹೋದರು. ಪ್ರತಿ ಸಲವೂ ಊರಿನವರು ರೇಡಿಯೋ ಸುತ್ತ ಚಪ್ಪಾಳೆ ತಟ್ಟುತ್ತಿದ್ದರೆ, ಕಮ್ಶಾತ್ ಬರುವ ವಾರದ ಗೋಣಿ ಎಣಿಸುತ್ತ ಹಲ್ಲು ಕಡಿಯುತ್ತಿದ್ದಳು.

ಅರವತ್ತೆರಡರ ಅಕ್ಟೋಬರ್ ಇಪ್ಪತ್ತರ ಮಧ್ಯಾಹ್ನ ಕಲ್ಲಿದ್ದಲಿನ ರೈಲಿನಿಂದ ಒಬ್ಬ ರಷ್ಯನ್ ಹೆಂಗಸು ಇಳಿದಳು. ಮುಖವೆಲ್ಲ ಮಸಿ, ತಲೆಗೆ ಉಣ್ಣೆಯ ಶಾಲು, ಬೆನ್ನಿಗೆ ಗಂಟು. ಕೇಳಿಕೊಂಡು ನೇರ ಅಂಚೆ ಕಚೇರಿಗೇ ಬಂದಳು.

"ತಾಯೀ, ರಾಕೆಟ್ ಹಾರಿಸೋ ಬೈಕೊನೂರು ಇದೇನಾ?"

"ಇದು ಬೈಕೊನೂರು," ಎಂದಳು ಕಮ್ಶಾತ್. ಅದರಲ್ಲಿ ಸುಳ್ಳೇನಿರಲಿಲ್ಲ.

"ಅಬ್ಬಾ, ಬಂದು ಮುಟ್ಟಿದೆನಲ್ಲಪ್ಪ ದೇವರೇ!" ಹೆಂಗಸು ಗಂಟಿಳಿಸಿ ಬೆಂಚಿನ ಮೇಲೆ ಕುಸಿದಳು. "ನಾನು ಗ್ಲಾಫಿರಾ, ಪೆನ್ಜಾ ಕಡೆಯವಳು. ನನ್ನ ಮಗ ಇಲ್ಲೇ ಸೈನ್ಯದಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ವೇನ್ಯಾ, ವೆನಿಯಾಮಿನ್ ಪೊಲುಶ್ಕಿನ್. ಉದ್ದಕ್ಕಿದ್ದಾನೆ, ಎಡಗಿವಿ ಒಂಚೂರು ಮಡಚಿದೆ. ಯಾರನ್ನಾದ್ರೂ ಕಳಿಸಿ ಕರೆಸ್ತೀಯಾ ಮಗಳೇ?"

ಮೂಲೆಯಲ್ಲಿದ್ದ ತುರ್ಸಿನ್ ಕೆಮ್ಮಿ, ಒಲೆಯಲ್ಲಿ ಏನೋ ಕಳೆದುಹೋದವನಂತೆ ಬಗ್ಗಿ ನೋಡತೊಡಗಿದ. ಕಮ್ಶಾತ್ ಚಹಾ ಬಸಿದು, ಹಾಲು ಹಾಕಿ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕುಗಳ ತಟ್ಟೆ ಮುಂದಿಟ್ಟಳು. ಇಷ್ಟು ದೂರ ಬಂದವಳನ್ನು ಯಾವ ಬಾಯಲ್ಲಿ ವಾಪಸ್ ಕಳಿಸುವುದು ಎಂದು ಅವಳಿಗೆ ಹೊಳೆಯಲಿಲ್ಲ. "ಮೊದಲು ತಿನ್ನು ಅಕ್ಕ. ಮಗ ಕಾಗದ ಹಾಕ್ತಿರಲಿಲ್ವಾ?"

"ಹಾಕ್ತಿದ್ದ, ತಿಂಗಳಿಗೆರಡು. ಊರಿನ ಹೆಸರು ಬರೀತಿರಲಿಲ್ಲ. ತಾಷ್ಕೆಂಟ್ ಅಂತ ಬರೆದು ಪಕ್ಕದಲ್ಲೊಂದು ನಂಬರು. ನಾನೂ ಅದಕ್ಕೇ ಬರೀತಿದ್ದೆ. ಜೂನ್‌ನಲ್ಲಿ ಒಂದು ಬಂತು ನೋಡು." ಗ್ಲಾಫಿರಾ ಎದೆಯೊಳಗಿಂದ ಮಾಸಿದ ಕಾಗದ ತೆಗೆದಳು. "ಸಾವುಲೆ ಅಂತ ಒಬ್ಬಳು ಹುಡುಗಿ, ನಿಮ್ಮವಳೇ, ನಿಲ್ದಾಣದ ಕ್ಯಾಂಟೀನಿನವಳು. ಅವಳನ್ನ ಮದುವೆ ಆಗ್ತೀನಿ, ಊರಿಗೆ ಕರ್ಕೊಂಡು ಬರ್ತೀನಿ, ನೀನು ಹರಸ್ತೀಯಾ ಅಂತ ಕೇಳಿದ್ದ. 'ನಿನ್ನ ಉತ್ತರ ಬರದಿದ್ರೆ ನಿನಗಿಷ್ಟ ಇಲ್ಲ ಅಂತ ತಿಳ್ಕೋತೀನಿ. ನವೆಂಬರ್‌ನಲ್ಲಿ ಇಲ್ಲಿ ಸೇವೆ ಮುಗಿಯುತ್ತೆ. ಆಮೇಲೆ ಇಬ್ಬರೂ ಸೈಬೀರಿಯಾ ಕಡೆ ಹೊರಟುಹೋಗ್ತೀವಿ, ನಿನಗೆ ಮುಜುಗರ ಮಾಡಲ್ಲ' ಅಂತ. ಅಯ್ಯೋ ಪೆದ್ದ! ಅವರಪ್ಪನೂ ಹೀಗೇ, ತಾನೇ ಕೇಳಿ ತಾನೇ ಉತ್ತರ ಹೇಳ್ಕೊಂಡು ಮುನಿಸ್ಕೊಳ್ಳೋನು."

"ನೀನು ಉತ್ತರ ಬರೀಲಿಲ್ವಾ?"

"ಬರೀದೆ ಇರ್ತೀನಾ? ಹತ್ತು ಬರೆಸಿದೆ! ಹುಡುಗಿಗೆ ಬೂಟು ಮಾಡಿಸ್ತಿದ್ದೀನಿ, ಕಾಲಿನ ಅಳತೆ ಕಳಿಸು ಅಂತ ಮೊದಲನೇದ್ರಲ್ಲೇ ಬರೆಸಿದೆ. ಒಂದಕ್ಕೂ ಉತ್ತರವಿಲ್ಲ."

"ಆ ನಂಬರಿಗೇ ಕಳಿಸಿದೆಯಾ?"

"ಇಲ್ಲಮ್ಮ. ಮದುವೆಯಂಥ ದೊಡ್ಡ ವಿಷಯ, ಬರೀ ನಂಬರು ನಂಬಿ ಕಳಿಸೋಕಾಗುತ್ತಾ? 'ರೇಡಿಯೋದಲ್ಲಿ ನಮ್ಮ ಕೆಲಸದ ಬಗ್ಗೇನೇ ಹೇಳ್ತಾರೆ' ಅಂತ ಅವನೇ ಬರೆದಿದ್ದ. ಹಾಗಾದ್ರೆ ಬೈಕೊನೂರೇ ಸರಿ ಅಂದಳು ನಮ್ಮ ಲೈಬ್ರರಿ ಹುಡುಗಿ. ಹತ್ತಕ್ಕೂ ಇಲ್ಲಿಯ ವಿಳಾಸಾನೇ ಬರೆಸಿದೆ, ದೊಡ್ಡ ಅಕ್ಷರದಲ್ಲಿ."

ಕಮ್ಶಾತ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಅವಳು ಎದ್ದು ಉಗ್ರಾಣಕ್ಕೆ ಹೋಗಿ ಜೂನ್‌ನಿಂದೀಚಿನ ಗೋಣಿಗಳನ್ನು ನೆಲಕ್ಕೆ ಸುರಿದಳು. ಹಿಂದೆಯೇ ಕುಂಟುತ್ತ ಬಂದ ತುರ್ಸಿನ್ ಪಕ್ಕದಲ್ಲಿ ಕೂತು ಹುಡುಕತೊಡಗಿದ. ಮೂರು ಗಂಟೆಗಳಲ್ಲಿ ಹತ್ತೂ ಸಿಕ್ಕವು. ಒಂದೊಂದರ ಮೇಲೂ ವೆನಿಯಾಮಿನ್ ಪೊಲುಶ್ಕಿನ್ ಎಂಬ ದಪ್ಪಕ್ಷರ, ಒಂದೊಂದರ ಬೆನ್ನಿಗೂ ಅವಳೇ ಒತ್ತಿದ ಮೊಹರು. ಮೊದಲನೆಯದರ ಮೊಹರು ಜುಲೈ ಎರಡನೇ ತಾರೀಕಿನದು. ಇಪ್ಪತ್ತು ವರ್ಷ ಒಬ್ಬರ ಕಾಗದವನ್ನೂ ತಡೆಯದ ತಾನು ಒಬ್ಬ ತಾಯಿಯ ಬಾಯನ್ನು ಹತ್ತು ಸಲ ಮುಚ್ಚಿದ್ದೆ ಎಂದು ಅವಳಿಗೆ ಅಳುವೂ ನಾಚಿಕೆಯೂ ಒಟ್ಟಿಗೇ ಬಂದವು. ಕಾಗದಕ್ಕೆ ಕಾದು ಕಾದು ಸವೆದವಳು ಅವಳು. ಆ ಹುಡುಗನೂ ಅಲ್ಲಿ ಹಾಗೇ ಕಾದು, ಕೊನೆಗೆ ಕಾಯುವುದನ್ನೇ ಬಿಟ್ಟಿರಬೇಕು.

"ತಂಗಿ, ಸಹಿ ಹಾಕಿದ್ದೀಯ," ಎಂದ ತುರ್ಸಿನ್ ಮೆತ್ತಗೆ.

"ಹಾಕಿದ್ದೀನಿ ಮಾರಾಯ! ಕೈ ಕಡಿದು ಕೊಡ್ಲಾ?" ಎಂದು ಅವಳು ಅವನ ಮೇಲೆ ಹರಿಹಾಯ್ದಳು. "ಬಯಲಲ್ಲಿರೋ ಒಂದೊಂದು ಕುರಿಗೂ ಗೊತ್ತು ಆ ರಾಕೆಟ್ ಎಲ್ಲಿ ಹಾರುತ್ತೆ ಅಂತ. ಗೊತ್ತಿಲ್ದೆ ಇರೋಳು ಇವಳೊಬ್ಬಳೇ!"

ಹೊರಗೆ ಬಂದು ಹತ್ತೂ ಕಾಗದಗಳನ್ನು ಗ್ಲಾಫಿರಾಳ ಮಡಿಲಲ್ಲಿಟ್ಟಳು. ಇಟ್ಟು, ಎಲ್ಲವನ್ನೂ ಹೇಳಿಬಿಟ್ಟಳು. ಇಲ್ಲಿ ರಾಕೆಟ್ಟೂ ಇಲ್ಲ, ಸೈನ್ಯವೂ ಇಲ್ಲ, ಇರುವುದೆಲ್ಲ ಮುನ್ನೂರು ಕಿಲೋಮೀಟರು ಆಚೆ, ಮಗನ ನಂಬರೇ ಸರಿಯಾಗಿತ್ತು.

ಗ್ಲಾಫಿರಾ ಲಕೋಟೆಗಳನ್ನು ತಿರುವಿ ತಿರುವಿ ನೋಡಿದಳು. "ಹಾಗಾದ್ರೆ ಆ ರೇಡಿಯೋದವನು ಸುಳ್ಳು ಹೇಳಿದ್ನಾ?"

"ಅವನು ಅಮೆರಿಕದವರಿಗೆ ಹೇಳಿದ್ದು ಅಕ್ಕ. ನೀನು ಮಧ್ಯೆ ಕೇಳಿಸ್ಕೊಂಡೆ."

"ಹಾಳಾಗಿ ಹೋಗ್ಲಿ ಅವರಿಬ್ಬರ ಜಗಳ!" ಗ್ಲಾಫಿರಾ ಮೇಜು ಗುದ್ದಿದ ರಭಸಕ್ಕೆ ಬೌರ್ಸಾಕುಗಳು ನೆಲಕ್ಕುರುಳಿದವು. "ನನ್ನ ಮಗನ ಮದುವೆ ಮಧ್ಯಕ್ಕೇ ಬಂದು ಕಾದಾಡ್ಬೇಕಿತ್ತಾ? ನಾನೇ ಹೋಗ್ತೀನಿ ಅಲ್ಲಿಗೆ. ದಾರಿ ತೋರ್ಸು."

"ಪಾಸಿಲ್ದೆ ಗೇಟಿನಲ್ಲೇ ಹಿಡಿದು ರೈಲು ಹತ್ತಿಸಿಬಿಡ್ತಾರೆ. ಆ ನಂಬರಿಗೆ ಈಗಲೇ ಹೊಸದಾಗಿ ಬರೆಯೋಣ, ವಾರದಲ್ಲಿ ಮುಟ್ಟುತ್ತೆ."

"ಹೊಸದನ್ನ ಅವನು ನಂಬಲ್ಲ ಕಣೇ. ಹತ್ತು ಸಲ ಬರೆದೆ, ಎಲ್ಲೋ ಹೋದ್ವು ಅಂದ್ರೆ ಯಾರು ನಂಬ್ತಾರೆ? ನಾಲ್ಕು ತಿಂಗಳು ಸುಮ್ಮನಿದ್ದು ಈಗ ನೆಪ ಹೇಳ್ತಾಳೆ ಅಂತಾನೆ. ಆ ಹುಡುಗಿ ಏನಂದ್ಕೋತಾಳೆ?"

ಅದು ಕಮ್ಶಾತಳಿಗೂ ಸರಿಯೆನಿಸಿತು. ಹುಡುಗ ನಂಬಬೇಕೆಂದರೆ ಆ ಲಕೋಟೆಗಳನ್ನೇ ನೋಡಬೇಕು. ಮೊದಲನೆಯದರ ಮುಂದೆ ಅವನ ಹಳ್ಳಿಯ ಮೊಹರು, ಜೂನ್ ತಾರೀಕು. ಹಿಂದೆ ಬೈಕೊನೂರಿನ ಮೊಹರು, ಜುಲೈ ತಾರೀಕು. ಅಮ್ಮ ಆ ವಾರವೇ ಬರೆದಿದ್ದಳು, ಅದು ಎಲ್ಲಿ ಸಿಕ್ಕಿಹಾಕಿಕೊಂಡಿತ್ತು ಎನ್ನುವುದು ಅದರಲ್ಲೇ ಇತ್ತು. ಬೂದುಟೋಪಿಯವನು ಆಚೆ ಹೋಗಕೂಡದು ಎಂದದ್ದೂ ಅದನ್ನೇ.

"ಇವಳ ಕೈಗೇ ಕೊಟ್ಟುಬಿಡು," ಎಂದ ತುರ್ಸಿನ್. "ವಾಪಸ್ ಹೋಗ್ತಾ ಜೆಜ್ಕಜ್ಗಾನ್ ನಿಲ್ದಾಣದಲ್ಲಿ ಅಂಚೆ ಡಬ್ಬಕ್ಕೆ ಹಾಕ್ಲಿ. ನಿನ್ನ ಹೆಸರು ಬರಲ್ಲ."

"ಬೆನ್ನಿಗೆ ನನ್ನ ಮೊಹರು ಹತ್ತು ಸಲ ಬಿದ್ದಿದೆ, ಅದನ್ನೆಲ್ಲಿ ಬಚ್ಚಿಡ್ಲಿ? ತಡ ಮಾಡಿದೋಳು ನಾನು. ನಾನೇ ಕಳಿಸ್ತೀನಿ." ಅವಳು ಹತ್ತನ್ನೂ ಒಂದು ದೊಡ್ಡ ಲಕೋಟೆಗೆ ಹಾಕಿ, ಮಗನ ನಂಬರು ಬರೆದು, ರಿಜಿಸ್ಟರ್ ಮಾಡಿದಳು. ತಲುಪಿದವನು ಸಹಿ ಹಾಕಿ ಹಿಂದಿರುಗಿಸುವ ಸ್ವೀಕೃತಿ ಕಾರ್ಡನ್ನೂ ಅಂಟಿಸಿದಳು. ಅದು ಕಳಿಸಿದ ಕಚೇರಿಗೆ ಮರಳಿ ಬಂದು, ಅಲ್ಲಿಂದ ಗ್ಲಾಫಿರಾಳಿಗೆ ಹೋಗಬೇಕು. ಮೊಹರನ್ನು ಎಷ್ಟು ಜೋರಾಗಿ ಗುದ್ದಿದಳೆಂದರೆ ಒಲೆಯ ಪಕ್ಕದ ಬೆಕ್ಕು ಹೊರಗೆ ಓಡಿತು.

ಮರುದಿನ ಗ್ಲಾಫಿರಾ ಕಲ್ಲಿದ್ದಲಿನ ರೈಲು ಹತ್ತಿದಳು. ನವೆಂಬರ್ ಬಂತು, ಅರ್ಧವಾಯಿತು, ಮುಗಿಯಿತು. ಕಾರ್ಡು ಬರಲಿಲ್ಲ. ಕಮ್ಶಾತ್ ಮತ್ತೆ ಹಳೆಯ ದಿನಗಳಂತೆ ಎದೆ ಹೊಡೆದುಕೊಳ್ಳುತ್ತ ಚೀಲ ಬಿಚ್ಚತೊಡಗಿದಳು, ಈ ವಯಸ್ಸಿನಲ್ಲಿ ಇದೂ ಬೇಕಿತ್ತೇ ಎಂದು ತನ್ನನ್ನೇ ಬೈದುಕೊಂಡಳು.

ಡಿಸೆಂಬರ್ ಮೊದಲ ವಾರ ಬಂದದ್ದು ಬೂದುಟೋಪಿಯವನು. ಬೂಟು ತುಂಬ ಹಿಮ, ಮೂಗು ಕೆಂಪಗೆ. ಕೂರದೆಯೇ ಮೇಜಿನ ಮೇಲೆ ಒಂದು ಕಾರ್ಡು ಬಡಿದ.

"ಇದೇನು, ಕಾಮ್ರೇಡ್ ಝಾಕುಪೋವಾ?"

"ಸ್ವೀಕೃತಿ ಕಾರ್ಡು."

"ಅದು ನನಗೂ ಗೊತ್ತು! ಇದರ ಮೇಲೆ ಬೈಕೊನೂರು ಅಂತಿದೆ, ಆ ನಂಬರೂ ಇದೆ. ಎರಡನ್ನೂ ಒಟ್ಟಿಗೆ ಎಲ್ಲೂ ಬರೆಯಬಾರದು ಅಂತ ಇಡೀ ದೇಶ ಬಾಯಿ ಕಟ್ಕೊಂಡು ಕೂತಿದೆ, ನೀವು ಕಾರ್ಡಿನ ಮೇಲೆ ಬರೆದು ಊರಿಗೆಲ್ಲ ಹಂಚ್ತೀರಾ! ಅಮೆರಿಕದವರ ಕೈಗೆ ಸಿಕ್ಕಿದ್ರೆ?"

"ಸಿಕ್ಕಿದ್ರೆ ಅವರಾದ್ರೂ ಆ ತಾಯಿಗೆ ತಲುಪಿಸ್ತಿದ್ರೋ ಏನೋ."

ಅವನು ಏನೇನೋ ಓದತೊಡಗಿದ, ಯಾವುದೋ ಕಲಮು, ಯಾವುದೋ ಶಿಸ್ತು. ಕಮ್ಶಾತಳಿಗೆ ಒಂದೂ ಕೇಳಿಸಲಿಲ್ಲ. ಅವಳು ಕಾರ್ಡನ್ನೇ ನೋಡುತ್ತಿದ್ದಳು. ನವೆಂಬರ್ ಎರಡನೇ ತಾರೀಕು. ವಿ. ಪೊಲುಶ್ಕಿನ್ ಎಂಬ ಸಹಿ. ಅದರ ಕೆಳಗೆ, ಏನೂ ಬರೆಯಬಾರದ ಬಿಳಿ ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳು: "ಅಮ್ಮನಿಗೆ ಹೇಳಿ. ಹೊಸ ವರ್ಷಕ್ಕೆ ಇಬ್ಬರೂ ಬರ್ತೀವಿ. ಸಾವುಲೆಯ ಕಾಲಳತೆ ಮೂವತ್ತಾರು."

"ಇವತ್ತಿನಿಂದ ನಿಮಗಿಲ್ಲಿ ಕೆಲಸವಿಲ್ಲ," ಎಂದ ಬೂದುಟೋಪಿ. "ಬೇರೆಯವರು ಬರೋ ತನಕ ಕಾಗದ ಹಂಚುವವನು ನೋಡಿಕೊಳ್ಳಲಿ. ಬೀಗದ ಕೈ ಕೊಡಿ."

"ಕಾರ್ಡು ಆಕೆಯದು. ಆಕೆಗೆ ಹೋಗಬೇಕು."

"ಇದು ಫೈಲಿಗೆ ಹೋಗುತ್ತೆ." ಅವನು ಕಾರ್ಡನ್ನು ಕೋಟಿನೊಳಗೆ ತುರುಕಿಕೊಂಡು, ಬೀಗದ ಕೈಯನ್ನು ತುರ್ಸಿನನ ಮುಂದೆಸೆದು, ವಾಹನ ಹುಡುಕಲು ಗಣಿಯ ಕಡೆಗೆ ಹೋದ.

ಕಮ್ಶಾತಳಿಗೆ ಅಳು ಬಂತು. ಇಪ್ಪತ್ತು ವರ್ಷದ ಕೆಲಸ ಹೋದದ್ದಕ್ಕೂ ಬಂತು, ಆ ಇರುವೆ ಸಾಲಿಗೂ ಬಂತು. ಮೂಗೊರೆಸಿಕೊಂಡು ಮೇಜಿನ ಒಳಬದಿಯಿಂದ ಎದ್ದು, ಸುತ್ತಿ ಬಂದು ಹೊರಬದಿಯಲ್ಲಿ ನಿಂತಳು. ಅಲ್ಲಿಂದ ಅವಳು ಯಾವತ್ತೂ ಆ ಕೋಣೆಯನ್ನು ನೋಡಿರಲಿಲ್ಲ.

"ಒಂದು ತಂತಿ ಕಳಿಸ್ಬೇಕು," ಎಂದಳು.

ತುರ್ಸಿನ್ ಕಣ್ಣರಳಿಸಿದ. "ಈಗಲಾ? ಆತ ಇನ್ನೂ ಬೀದಿ ದಾಟಿಲ್ಲ!"

"ನಾನೀಗ ಸರ್ಕಾರದವಳಲ್ಲ, ಗಿರಾಕಿ. ಗಿರಾಕಿ ತಂತಿ ಕಳಿಸಬಾರದು ಅಂತ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಫಾರಂ ತಗೋ. ಗ್ಲಾಫಿರಾಗೆ. ಇಬ್ಬರೂ ಬರ್ತಾರೆ, ಬೂಟು ಮೂವತ್ತಾರು."

ತುರ್ಸಿನ್ ಪೆನ್ಸಿಲನ್ನು ನಾಲಿಗೆಗೆ ಒತ್ತಿಕೊಂಡು ಯೋಚಿಸಿದ. "'ಇಬ್ಬರೂ' ಬೇಕಾ ತಂಗಿ? 'ಬರ್ತಾರೆ' ಅಂದ್ರೆ ಸಾಕಲ್ಲ."

"ಇಷ್ಟು ವರ್ಷ ಕಾಗದ ಹಂಚಿ ಇದೇನಾ ನೀನು ಕಲಿತದ್ದು?" ಕಮ್ಶಾತ್ ಮೇಜಿನ ಮೇಲೆ ಬಗ್ಗಿ ಫಾರಮನ್ನು ಬೆರಳಿನಿಂದ ಕುಟ್ಟಿದಳು. "ಆ ಹೆಂಗಸು ಇಲ್ಲಿ ತನಕ ಬಂದದ್ದೇ ಆ ಮಾತಿಗೆ. ಅದನ್ನೇ ಮೊದಲು ಬರಿ."

ತುರ್ಸಿನ್ ಬರೆದುಕೊಂಡ. ಆಮೇಲೆ ಫೋನಿನ ಹಿಡಿ ತಿರುಗಿಸಿ, ಜೆಜ್ಕಜ್ಗಾನಿನ ತಂತಿ ಕಚೇರಿಯ ಹುಡುಗಿಗೆ ಕೇಳಿಸುವಂತೆ, "ಇಬ್ಬರೂ! ಇಬ್ಬರೂ!" ಎಂದು ಎರಡು ಸಲ ಕೂಗಿ ಹೇಳಿದ.